ಅನುಭವಸ್ಥ ಯುವಜನ ಸೇವಕರ ಮುಂದಿನ ವ್ಯಾಸಂಗ

1. ಪೀಠಿಕೆ

ನಮ್ಮ ಗ್ರಾಮಗಳಲ್ಲಿ ಬೇಸಾಯವನ್ನು ಕೈಗೊಂಡಿರುವ ಯುವಕ ಯುವತಿಯರನ್ನು ಒಂದುಗೂಡಿಸಿ, ಅವರಿಗೆ ಹೊಸ ಬೀಜ, ಹೊಸ ಉಪಕರಣ, ಹೊಸ ವಿಧಾನಗಳನ್ನು ಪರಿಚಯ ಮಾಡಿಕೊಟ್ಟು, ಅವರ ಕಷ್ಟಸುಖಗಳನ್ನು ಇಲಾಖೆಯವರಿಗೆ ತಿಳಿಸುತ್ತಾ ಬಂದಿರುವ ಕಾರ್ಯಕರ್ತರು ಅನೇಕರಿದ್ದಾರೆ. ಇವರಲ್ಲಿ ಕೆಲವರು ಇಲಾಖೆಯ ನೌಕರರು, ಕೆಲವರು ಸಹಕಾರ ಸಂಘಗಳ ಕಾರ್ಯದರ್ಶಿಗಳು, ಕೆಲವರು ಉಪಾಧ್ಯಾಯರು, ಮತ್ತೆ ಕೆಲವರು ಯಾವ ಸಂಬಳವೂ ಇಲ್ಲದೆ ಊರಿನ ಯುವಕ ಸಂಘವನ್ನು ನಡೆಸಿಕೊಂಡು ಬಂದಿರುವ ರೈತರು. ಈ ಪಾಠದಲ್ಲಿ ಇವರೆಲ್ಲರನ್ನೂ ಯುವಜನ ಸೇವಕರೆಂದು ಕರೆಯೋಣ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಬೇಕಾದ ಮೊದಲ ಪಾಠಗಳು ಹೇರಳವಾಗಿವೆ. ಆದರೆ ಹದಿನೈದು ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಯಾವ ಪಾಠ ಬೇಕೆಂಬುದನ್ನು ಕುರಿತು ಯೋಚಿಸುವವರು ವಿರಳ. ಅಂತಹವರಿಗಾಗಿಯೇ ಈ ಲೇಖನವನ್ನು ಬರೆದಿದೆ.

ಇಂತಹ ಸೇವಕರಲ್ಲಿ ಈಚೆಗೆ ಒಂದು ಬಗೆಯ ಮನಃಕ್ಲೇಶವು ಕಂಡುಬರುತ್ತದೆ. ಮೊದಲು ಹದವಾದ ಮಳೆ ಬಿದ್ದ ಮರುದಿನ ಹುಡುಗರು ಅವರ ಜಗಲಿಗೆ ಬಂದು, ಯಾವ ಬೀಜ ಬಿತ್ತಬೇಕು, ಗೊಬ್ಬರ ಎಷ್ಟು ಹಾಕಬೇಕು ಎಂದು ಕೇಳುತ್ತಿದ್ದರು. ಈಗ ಅದೇ ಹುಡುಗರು ಫೋನನ್ನು ನೋಡಿಕೊಂಡು ಬಿತ್ತನೆ ಮುಗಿಸಿಬಿಡುತ್ತಾರೆ. ಅರ್ಜಿಗಳು ಗಣಕಯಂತ್ರದಲ್ಲಿ ಹೋಗುತ್ತವೆ. ಸಹಾಯಧನವು ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಇದನ್ನು ಕಂಡು ಕೆಲವರು, “ನಮ್ಮ ಕಾಲ ಮುಗಿಯಿತು” ಎಂದು ಹಿಂದೆ ಸರಿಯುತ್ತಾರೆ. ಇನ್ನು ಕೆಲವರು, “ಇವೆಲ್ಲಾ ನಾಲ್ಕು ದಿನದ ಬೆಡಗು” ಎಂದು ಹೊಸದನ್ನು ಹಳಿಯುತ್ತಾ ಕುಳಿತುಬಿಡುತ್ತಾರೆ. ಈ ಎರಡು ಮಾರ್ಗಗಳೂ ತಪ್ಪೆಂದು ತೋರಿಸಿ, ಮೂರನೆಯ ಮಾರ್ಗವೊಂದನ್ನು ಸೂಚಿಸುವುದೇ ಈ ಪಾಠದ ಉದ್ದೇಶ. ಅದೇನೆಂದರೆ, ಸೇವೆಯ ರೂಪವು ಬದಲಾದಾಗಲೆಲ್ಲಾ ಸೇವಕನು ತನ್ನ ಅನುಭವವನ್ನೇ ಒಂದು ಪಠ್ಯಪುಸ್ತಕದಂತೆ ಬಿಚ್ಚಿಟ್ಟು, ಅದರಲ್ಲಿ ಯಾವ ಪುಟ ಇನ್ನೂ ಸತ್ಯ, ಯಾವುದು ಹಳತಾಯಿತು, ಯಾವುದನ್ನು ಹೊಸದಾಗಿ ಬರೆಯಬೇಕು ಎಂದು ಪರೀಕ್ಷಿಸತಕ್ಕದ್ದು. ಅನುಭವಸ್ಥರ ಮುಂದಿನ ವ್ಯಾಸಂಗವೆಂದರೆ ಇದೇ.

2. ಸೇವೆಗಳು ಬದಲಾದ ಬಗೆ

ಯುವಜನರ ಮೂಲಕ ಬೇಸಾಯವನ್ನು ಸುಧಾರಿಸಬೇಕೆಂಬ ಆಲೋಚನೆಯು ಹೊಸದಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ಓಹಾಯೋ ಪ್ರಾಂತದಲ್ಲಿ 1902ರಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿಯು ಹಳ್ಳಿಯ ಮಕ್ಕಳ ಕೃಷಿ ಸಂಘವೊಂದನ್ನು ಆರಂಭಿಸಿದನು. ಹೊಸ ಬೀಜವನ್ನು ತಂದೆ ನಂಬದಿದ್ದರೂ ಮಗನು ಒಂದು ತುಂಡು ನೆಲದಲ್ಲಿ ಹಾಕಿ ನೋಡುತ್ತಿದ್ದನು. ಫಸಲನ್ನು ಕಣ್ಣಾರೆ ಕಂಡ ಮೇಲೆ ತಂದೆಯೂ ಒಪ್ಪುತ್ತಿದ್ದನು. 1914ರ ಸ್ಮಿತ್-ಲಿವರ್ ಕಾಯಿದೆಯಿಂದ ಅಲ್ಲಿ ಕೃಷಿ ವಿಸ್ತರಣೆಯು ದೇಶವ್ಯಾಪಿಯಾದ ಸೇವೆಯಾಯಿತು. ಈ ಸಂಘಗಳೂ ಅದರೊಡನೆ ಬೆಳೆದು ‘ನಾಲ್ಕು ಎಚ್’ ಸಂಘಗಳೆಂದು ಪ್ರಸಿದ್ಧವಾದುವು. ಇಂಗ್ಲೆಂಡಿನ ಡೆವನ್ ಸೀಮೆಯ ಹೆಮಿಯಾಕ್ ಎಂಬ ಊರಿನಲ್ಲಿ 1921ರಲ್ಲಿ ಕರು ಸಾಕುವ ಮಕ್ಕಳಿಂದ ಮೊದಲ ಯುವಕ ರೈತ ಸಂಘವು ಹುಟ್ಟಿತು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು 1922ರಲ್ಲಿ ಎಲ್ಮ್‌ಹರ್ಸ್ಟರ ನೆರವಿನಿಂದ ಶ್ರೀನಿಕೇತನದ ಗ್ರಾಮೋದ್ಧಾರ ಕಾರ್ಯವನ್ನು ಆರಂಭಿಸಿದರು. ಅಲ್ಲಿ ಹಳ್ಳಿಯ ಹುಡುಗರನ್ನು ‘ವ್ರತೀ ಬಾಲಕ’ ದಳಗಳಾಗಿ ಕೂಡಿಸಿ ಸೇವೆಗೆ ಅಣಿಗೊಳಿಸಲಾಯಿತು.

ಸ್ವಾತಂತ್ರ್ಯ ಬಂದ ಮೇಲೆ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮವೂ, 1953ರಲ್ಲಿ ರಾಷ್ಟ್ರೀಯ ವಿಸ್ತರಣಾ ಸೇವೆಯೂ ಆರಂಭವಾದುವು. ಆಗ ಬಂದ ಗ್ರಾಮಸೇವಕನು ಬೇಸಾಯ, ನೈರ್ಮಲ್ಯ, ರಸ್ತೆ, ಯುವಕ ಸಂಘ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದನು. 1970ರ ದಶಕದಲ್ಲಿ ‘ತರಬೇತಿ ಮತ್ತು ಭೇಟಿ’ ಪದ್ಧತಿಯು ಬಂದು, ಸೇವಕನು ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನದಲ್ಲಿ ಗೊತ್ತಾದ ರೈತರನ್ನು ಕಂಡು, ಗೊತ್ತಾದ ಸಂದೇಶವನ್ನು ತಲುಪಿಸುವಂತಾಯಿತು. ಕೆಲಸದಲ್ಲಿ ಕ್ರಮವು ಬಂದಿತು. ಆದರೆ ಜಮೀನು ತನ್ನ ಹೆಸರಿನಲ್ಲಿಲ್ಲದ ಯುವಕನು ಆ ಪಟ್ಟಿಯಲ್ಲಿ ಸೇರುವುದು ಅಪರೂಪವಾಯಿತು. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರವು ಸ್ಥಾಪಿತವಾಯಿತು. ಕರ್ನಾಟಕದಲ್ಲಿ 2000ನೆಯ ಇಸವಿಯಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವನ್ನು ತೆರೆಯುವ ಯೋಜನೆಯು ಬಂದು, ಸೇವಕನು ರೈತನ ಮನೆಗೆ ಹೋಗುವುದಕ್ಕೆ ಬದಲಾಗಿ ರೈತನೇ ಕೇಂದ್ರಕ್ಕೆ ಬರುವ ಪರಿಪಾಠವು ಬೆಳೆಯಿತು. 2004ರಲ್ಲಿ ಕಿಸಾನ್ ಕಾಲ್ ಸೆಂಟರು ಆರಂಭವಾಗಿ, ಕನ್ನಡದಲ್ಲಿಯೂ ಫೋನಿನ ಮೂಲಕ ಸಲಹೆ ದೊರೆಯುವಂತಾಯಿತು. 2015-16ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಯುವಜನರನ್ನು ಬೇಸಾಯದಲ್ಲಿ ಉಳಿಸಿಕೊಳ್ಳುವುದಕ್ಕಾಗಿಯೇ ‘ಆರ್ಯ’ ಎಂಬ ಯೋಜನೆಯನ್ನು ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ಕೈಗೊಂಡಿತು. 2020ರ ಮುಂಗಾರಿನಲ್ಲಿ ಕರ್ನಾಟಕದ ರೈತರು ತಮ್ಮ ಬೆಳೆಯ ಛಾಯಾಚಿತ್ರವನ್ನು ತಾವೇ ಫೋನಿನಲ್ಲಿ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುವ ಏರ್ಪಾಡಾಯಿತು.

ಈ ಚರಿತ್ರೆಯನ್ನು ಇಸವಿಗಳ ಪಟ್ಟಿಯೆಂದು ಓದಬಾರದು. ಪ್ರತಿಯೊಂದು ಬದಲಾವಣೆಯೂ ಸೇವಕನ ಕೈಯಿಂದ ಒಂದು ಕೆಲಸವನ್ನು ತೆಗೆದುಕೊಂಡಿತು; ಜೊತೆಗೆ ಯಾರೂ ನೋಡದ ಇನ್ನೊಂದು ಕೆಲಸವನ್ನು ಅವನ ಬಾಗಿಲಲ್ಲಿ ಇಟ್ಟುಹೋಯಿತು. ಸಂಪರ್ಕ ಕೇಂದ್ರವು ಬಂದಾಗ ಬೀಜ ಹೊತ್ತು ತರುವ ಕೆಲಸ ತಪ್ಪಿತು. ಆದರೆ ಕೇಂದ್ರಕ್ಕೆ ಬಾರದೆ ಇರುವವರು ಯಾರು ಎಂದು ನೋಡುವ ಕೆಲಸ ಹುಟ್ಟಿತು. ಫೋನಿನ ಸಲಹೆ ಬಂದಾಗ ಸುದ್ದಿ ಹೇಳುವ ಕೆಲಸ ತಪ್ಪಿತು. ಆದರೆ ಹತ್ತು ಕಡೆಯಿಂದ ಬರುವ ಹತ್ತು ಬಗೆಯ ಸುದ್ದಿಯಲ್ಲಿ ನಂಬತಕ್ಕದ್ದು ಯಾವುದು ಎಂದು ವಿವೇಚಿಸುವ ಕೆಲಸ ಹುಟ್ಟಿತು. ಹೋದ ಕೆಲಸಕ್ಕಾಗಿ ಮರುಗುವವನಿಗೆ ಬಂದ ಕೆಲಸವು ಕಾಣುವುದಿಲ್ಲ.

3. ಅನುಭವದ ಮೂರು ಭಾಗಗಳು

“ನನಗೆ ಇಪ್ಪತ್ತು ವರ್ಷದ ಅನುಭವವಿದೆ” ಎಂದು ಹೇಳುವಾಗ ಆ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿರುತ್ತವೆ. ಮೊದಲನೆಯದು ಜನರ ಪರಿಚಯ: ಯಾವ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪವಿದೆ, ಯಾವ ಹುಡುಗನು ಮಾತು ಕೊಟ್ಟರೆ ನಡೆಸುತ್ತಾನೆ, ಯಾರು ಸಂಕೋಚದಿಂದ ಬಾಯಿ ಬಿಡುವುದಿಲ್ಲ ಎಂಬ ತಿಳಿವಳಿಕೆ. ಎರಡನೆಯದು ಸ್ಥಳದ ಪರಿಚಯ: ಯಾವ ಹೊಲ ಕೆಂಪು ಮರಳುಮಣ್ಣು, ಯಾವುದು ಎರೆ, ಯಾವ ಕೆರೆಯ ಕೆಳಗೆ ನೀರು ನಿಲ್ಲುತ್ತದೆ ಎಂಬುದು. ಮೂರನೆಯದು ಪರಿಹಾರಗಳ ಪರಿಚಯ: ಈ ರೋಗಕ್ಕೆ ಈ ಔಷಧ, ಈ ಅರ್ಜಿಗೆ ಈ ಕಚೇರಿ ಎಂಬುದು. ಮೊದಲಿನ ಎರಡು ನಿಧಾನವಾಗಿ ಬದಲಾಗುತ್ತವೆ. ಅವು ವರ್ಷಗಳು ಕಳೆದಂತೆ ಪಕ್ವವಾಗುವ ಸಂಪತ್ತು. ಮೂರನೆಯದು ಮಾತ್ರ ಬೇಗ ಹಳಸುತ್ತದೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡವನು, ಮೂರನೆಯದು ಹಳಸಿತೆಂದು ಗಂಟನ್ನೇ ಎಸೆದುಬಿಡುತ್ತಾನೆ. ಇಲ್ಲವೆ ಗಂಟನ್ನು ಕಾಪಾಡುವ ಹಟದಲ್ಲಿ ಹಳಸಿದುದನ್ನೇ ಬಡಿಸುತ್ತಾನೆ.

ಇದಕ್ಕೆ ಒಂದು ನಿದರ್ಶನ. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗೆಯ ಸುತ್ತಿನ ಮೆಕ್ಕೆಜೋಳದ ಹೊಲಗಳಲ್ಲಿ ಭಾರತದಲ್ಲಿ ಅದುವರೆಗೆ ಕಂಡಿರದ ಹುಳುವೊಂದನ್ನು ವಿಜ್ಞಾನಿಗಳು ಗುರುತಿಸಿದರು. ಅಮೆರಿಕಾ ಖಂಡದ ಮೂಲದ ಈ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, ಎರಡು ವರ್ಷದಲ್ಲಿ ನಮ್ಮ ದೇಶಕ್ಕೂ ಬಂದಿತು. ನಮ್ಮ ರೈತರಿಗೆ ಕಾಂಡ ಕೊರೆಯುವ ಹುಳುವೂ ಗೊತ್ತಿತ್ತು. ಹಳೆಯ ಸೈನಿಕ ಹುಳುವೂ ಗೊತ್ತಿತ್ತು. ಆದಕಾರಣ ಅನುಭವವುಳ್ಳವರೇ ಇದನ್ನು ಪರಿಚಿತ ಹುಳುವೆಂದು ಭಾವಿಸುವ ಸಂಭವವು ಹೆಚ್ಚಾಗಿತ್ತು. ಯಾತಕ್ಕೆಂದರೆ ಏನೂ ತಿಳಿಯದವನು ಕೇಳುತ್ತಾನೆ, ತಿಳಿದವನು ಕೇಳದೆಯೇ ಹೇಳಿಬಿಡುತ್ತಾನೆ. ಹೊಸ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಬಿಳಿಗೆರೆಯೂ, ಹಿಂಬದಿಯ ಕಡೆಯಿಂದ ಎರಡನೆಯ ಖಂಡದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಅದು ಗಿಡದ ಸುಳಿಯೊಳಗೆ ಅಡಗಿಕೊಂಡು ತಿನ್ನುತ್ತಾ, ಮರದ ಹೊಟ್ಟಿನಂತಹ ಹಿಕ್ಕೆಯನ್ನು ಅಲ್ಲಿಯೇ ತುಂಬುತ್ತದೆ. ಸುಳಿಯೊಳಗಿರುವ ಹುಳುವಿಗೆ ಎಲೆಯ ಮೇಲೆ ಚಿಮುಕಿಸಿದ ಔಷಧವು ತಗಲುವುದಿಲ್ಲ. ಹಣವು ಮಾತ್ರ ಖರ್ಚಾಗುತ್ತದೆ. ಇಲ್ಲಿ ಮೂರನೆಯ ಬಗೆಯ ಅನುಭವವು ಕೈಕೊಟ್ಟಿತು. ಆದರೆ ಯಾರ ಹೊಲ ಮೊದಲು ಬಿತ್ತನೆಯಾಗಿದೆ, ಯಾವ ಹುಡುಗನನ್ನು ಕರೆದರೆ ಮುಂಜಾನೆಯೇ ಬಂದು ಸುಳಿ ಬಿಡಿಸಿ ನೋಡುತ್ತಾನೆ ಎಂಬ ಮೊದಲಿನ ಎರಡು ಅನುಭವಗಳಿಲ್ಲದೆ ಹೊಸ ತಿಳಿವಳಿಕೆಯು ಹೊಲಕ್ಕೆ ತಲುಪುವುದಕ್ಕೇ ಮಾರ್ಗವಿರಲಿಲ್ಲ.

4. ಅಭ್ಯಾಸದ ಮೊದಲ ಭಾಗ: ಲೆಕ್ಕದ ಪುಸ್ತಕ

ವ್ಯಾಸಂಗವನ್ನು ಎಲ್ಲಿಂದ ಆರಂಭಿಸಬೇಕು? ಒಂದು ನೋಟ್‌ಪುಸ್ತಕದಿಂದ. 2014ರ ರಾಷ್ಟ್ರೀಯ ಯುವ ನೀತಿಯು 15ರಿಂದ 29 ವರ್ಷದವರನ್ನು ಯುವಜನರೆಂದು ಗಣಿಸಿತು. ಒಂದೇ ಒಂದು ಗ್ರಾಮವನ್ನು ಆರಿಸಿಕೊಂಡು, ಆ ವಯಸ್ಸಿನವರನ್ನೆಲ್ಲಾ ಮನೆಮನೆಯಾಗಿ ಬರೆದುಕೊಳ್ಳಬೇಕು. ಸಂಘಕ್ಕೆ ಬರುವವರನ್ನು ಮಾತ್ರ ಬರೆದರೆ ಪ್ರಯೋಜನವಿಲ್ಲ. ಪ್ರತಿಯೊಬ್ಬರ ಹೆಸರಿನ ಮುಂದೆ ಐದು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು: (1) ಊರಿನಲ್ಲಿದ್ದಾರೆಯೋ, ಪಟ್ಟಣಕ್ಕೆ ಹೋಗಿದ್ದಾರೆಯೋ, (2) ಬೇಸಾಯದಲ್ಲಿ ಅವರು ನಿಜವಾಗಿ ಮಾಡುವ ಕೆಲಸ ಯಾವುದು, (3) ಅವರು ದುಡಿಯುವ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ, (4) ಕಳೆದ ಒಂದು ವರ್ಷದಲ್ಲಿ ಯಾವ ಸೇವೆಯನ್ನು ಉಪಯೋಗಿಸಿಕೊಂಡರು, (5) ಸಂಶಯ ಬಂದಾಗ ಯಾರನ್ನು ಕೇಳುತ್ತಾರೆ.

ಐದನೆಯ ಅಂಕಣವೇ ಸೇವಕನಿಗೆ ಕನ್ನಡಿ. ಅದರಲ್ಲಿ ‘ಔಷಧದ ಅಂಗಡಿಯವರು’ ಎಂದು ಎಷ್ಟು ಸಲ ಬಂದಿದೆ, ‘ಫೋನು’ ಎಂದು ಎಷ್ಟು ಸಲ, ‘ಯಾರನ್ನೂ ಇಲ್ಲ’ ಎಂದು ಎಷ್ಟು ಸಲ ಎಂಬುದನ್ನು ಎಣಿಸಬೇಕು. ತನ್ನ ಹೆಸರು ಎಷ್ಟು ಸಲ ಬಂದಿದೆಯೆಂಬುದನ್ನು ಕಡೆಯಲ್ಲಿ ನೋಡಲಿ. ‘ಯಾರನ್ನೂ ಇಲ್ಲ’ ಎಂದು ಹೇಳಿದವರೇ ಮುಂದಿನ ವರ್ಷದ ಕೆಲಸದ ಪಟ್ಟಿ. ಯುವತಿಯರ ಹೆಸರುಗಳನ್ನು ಬರೆಯುವಾಗ ವಿಶೇಷ ಜಾಗರೂಕತೆ ಬೇಕು. ಕಳೆ ತೆಗೆಯುವುದು, ನಾಟಿ, ಹಾಲು ಕರೆಯುವುದು, ಬೀಜ ಕಾಪಿಡುವುದು ಇವೆಲ್ಲವನ್ನೂ ಮಾಡುವ ಹೆಣ್ಣುಮಗಳನ್ನು ‘ಮನೆಗೆಲಸ’ ಎಂದು ಒಂದು ಮಾತಿನಲ್ಲಿ ಬರೆದು ಮುಗಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ.

5. ಎರಡನೆಯ ಭಾಗ: ಹೊಲದಲ್ಲಿ ಜೊತೆಯಾಗಿ ಕಲಿಯುವುದು

ಹಿಂದೆ ಸೇವಕನು ಹೇಳುವವನು, ಯುವಕನು ಕೇಳುವವನು. ಈಗ ಯುವಕನ ಕೈಯಲ್ಲಿ ಸೇವಕನಿಗಿಂತ ಹೆಚ್ಚು ಸುದ್ದಿಯಿರಬಹುದು. ಹೀಗಿರುವಲ್ಲಿ ಇಬ್ಬರೂ ಒಟ್ಟಿಗೆ ನಿಂತು ನೋಡುವ ಮೂರನೆಯ ವಸ್ತುವೊಂದು ಬೇಕು; ಅದು ಹೊಲ. ಮೇಲೆ ಹೇಳಿದ ಮೆಕ್ಕೆಜೋಳದ ಹುಳುವಿನ ವಿಷಯದಲ್ಲಿಯೇ ಈ ಅಭ್ಯಾಸವನ್ನು ಮಾಡಬಹುದು.

ನಾಲ್ಕೈದು ಮಂದಿ ಯುವಕ ಯುವತಿಯರೊಡನೆ ಮುಂಜಾನೆ ಹೊಲಕ್ಕೆ ಹೋಗಬೇಕು. ಅಂಚಿನ ಮೂರು ನಾಲ್ಕು ಸಾಲುಗಳನ್ನು ಬಿಟ್ಟು ಒಳಹೊಕ್ಕು, ಅಂಕುಡೊಂಕಾಗಿ, ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದಂತೆ ನಡೆಯುತ್ತಾ, ಐದು ಕಡೆ ನಿಲ್ಲಬೇಕು. ಪ್ರತಿಯೊಂದು ಕಡೆಯಲ್ಲಿಯೂ ಸಾಲಿನಲ್ಲಿ 20 ಗಿಡಗಳ ಸುಳಿಯನ್ನು ಬಿಡಿಸಿ ನೋಡಿ, ಹೊಸ ಹಿಕ್ಕೆಯಾಗಲಿ ಹುಳುವಾಗಲಿ ಇರುವ ಗಿಡಗಳನ್ನು ಎಣಿಸಬೇಕು. ಒಟ್ಟು 100 ಗಿಡಗಳಾದ್ದರಿಂದ ಸಿಕ್ಕಿದ ಸಂಖ್ಯೆಯೇ ಶೇಕಡಾ ಪ್ರಮಾಣವಾಗುತ್ತದೆ. ಬೆಳೆ ಎಳೆಯದಾಗಿರುವಾಗ 100ಕ್ಕೆ 5 ಗಿಡಗಳಿಗೆ ಹಾನಿಯಾಗಿದ್ದರೆ, ಬೇವಿನ ಬೀಜದ ತಿರುಳಿನ ಶೇಕಡಾ 5ರ ಕಷಾಯವನ್ನು ಸುಳಿಯೊಳಗೆ ಬೀಳುವಂತೆ ಹಾಕುವುದರಿಂದ ಆರಂಭಿಸಬೇಕೆಂಬುದು ವಿಜ್ಞಾನಿಗಳ ಸಲಹೆ. ಒಂದು ಲೀಟರು ನೀರಿಗೆ 50 ಗ್ರಾಂ ತಿರುಳು ಎಂದು ಅದರ ಲೆಕ್ಕ. ಇದಕ್ಕಿಂತ ಕಡಿಮೆಯಿದ್ದರೆ ಮೊಟ್ಟೆಯ ಗುಂಪುಗಳನ್ನೂ ಹುಳುಗಳನ್ನೂ ಕೈಯಿಂದ ತೆಗೆದು ನಾಶಮಾಡುತ್ತಾ, ವಾರದೊಳಗೆ ಪುನಃ ಎಣಿಸಬೇಕು. ಹಾನಿ ಮಿತಿಮೀರಿದರೆ ಯಾವ ಔಷಧವನ್ನು ಎಷ್ಟು ಪ್ರಮಾಣದಲ್ಲಿ ಬಳಸಬೇಕೆಂಬುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ಹೇಳತಕ್ಕದ್ದು, ನೆನಪಿನಿಂದ ಹೇಳಕೂಡದು.

ಈ ಅಭ್ಯಾಸದ ಫಲವು ಹುಳುವಿನ ಹತೋಟಿ ಒಂದೇ ಅಲ್ಲ. ‘ಹೊಲವೆಲ್ಲಾ ಹೋಯಿತು’ ಎಂದು ಗಾಬರಿಗೊಂಡಿದ್ದ ಯುವಕನು 100ಕ್ಕೆ ನಾಲ್ಕು ಎಂದು ತಾನೇ ಎಣಿಸಿದಾಗ ಅವನ ಗಾಬರಿಯು ಇಳಿಯುತ್ತದೆ, ಸಾಲ ಮಾಡಿ ಔಷಧ ತರುವುದು ತಪ್ಪುತ್ತದೆ. ‘ಏನೂ ಆಗಿಲ್ಲ’ ಎಂದುಕೊಂಡಿದ್ದವನು 100ಕ್ಕೆ ಹನ್ನೊಂದು ಎಂದು ಕಂಡಾಗ ಎಚ್ಚೆತ್ತುಕೊಳ್ಳುತ್ತಾನೆ. ಫೋನಿನ ಚಿತ್ರವನ್ನು ಯುವಕನು ತೆಗೆಯಲಿ. ಎಲ್ಲಿ ನಿಲ್ಲಬೇಕು, ಯಾವ ಸುಳಿಯನ್ನು ಬಿಡಿಸಬೇಕು ಎಂಬುದನ್ನು ಹಿರಿಯನು ತೋರಿಸಲಿ. ಸೇವಕನು “ನನಗೂ ಇದು ಹೊಸದು, ಎಣಿಸಿ ನೋಡೋಣ” ಎಂದು ಹೇಳುವುದರಿಂದ ಅವನ ಗೌರವಕ್ಕೆ ಕುಂದು ಬಾರದು. ತಿಳಿಯದುದನ್ನು ತಿಳಿದಂತೆ ಹೇಳಿ ಒಬ್ಬ ಯುವಕನ ಒಂದು ಫಸಲು ಕೆಟ್ಟರೆ, ಆ ಕುಂದು ಹತ್ತು ವರ್ಷ ಉಳಿಯುತ್ತದೆ.

6. ಮೂರನೆಯ ಭಾಗ: ಕಾಗದಪತ್ರಗಳ ತಿಳಿವಳಿಕೆ

ಸೇವೆಗಳು ಗಣಕಯಂತ್ರಕ್ಕೆ ಸೇರಿದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಯಂತ್ರಕ್ಕೆ ದಾಖಲೆಯಲ್ಲಿರುವ ರೈತನು ಮಾತ್ರ ಕಾಣುತ್ತಾನೆ. ಹೊಲದಲ್ಲಿರುವ ರೈತನು ಕಾಣುವುದಿಲ್ಲ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಿಂದ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ದೊರೆಯುವುದು ಭೂಮಿಯ ಹಕ್ಕು ದಾಖಲಾಗಿರುವ ಕುಟುಂಬಗಳಿಗೆ. ಅಜ್ಜನು ಕಾಲವಾಗಿ ಹತ್ತು ವರ್ಷವಾಗಿದ್ದರೂ ಪಹಣಿಯಲ್ಲಿ ಅವನ ಹೆಸರೇ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂತಹ ಮನೆಯ ಮೊಮ್ಮಗನು ದಿನವೆಲ್ಲಾ ದುಡಿದರೂ ಸರ್ಕಾರದ ಲೆಕ್ಕದಲ್ಲಿ ರೈತನಲ್ಲ. ಇಂತಹ ಸಂದರ್ಭದಲ್ಲಿ ನಡೆಯಬಹುದಾದ ಸಂಭಾಷಣೆಯನ್ನು ಪಾಠಕ್ಕಾಗಿ ಇಲ್ಲಿ ಕಲ್ಪಿಸಿಕೊಟ್ಟಿದೆ. ಸೇವಕನು ನಿವೃತ್ತ ಉಪಾಧ್ಯಾಯ. ಯುವಕನು ಅವನ ಹಳೆಯ ವಿದ್ಯಾರ್ಥಿ.

ಯುವಕ: ಮೇಷ್ಟ್ರೇ, ನಾನು ಬೆಂಗಳೂರಿಗೆ ಹೋಗೋದು ಅಂತ ತೀರ್ಮಾನ ಮಾಡಿದೀನಿ.

ಸೇವಕ: ಯಾಕಪ್ಪಾ, ಈ ಸಲ ರಾಗಿ ಚೆನ್ನಾಗಿ ಬಂದಿತ್ತಲ್ಲ?

ಯುವಕ: ಬಂದಿತ್ತು ಮೇಷ್ಟ್ರೇ. ಏನು ಪ್ರಯೋಜನ? ಬೋರು ಕೆಟ್ಟಿದೆ. ಸಾಲ ಕೇಳಿದರೆ ಪಹಣಿ ತಾ ಅಂತಾರೆ. ಪಹಣಿ ತಾತನ ಹೆಸರಲ್ಲಿದೆ.

ಸೇವಕ: ನಿಮ್ಮಪ್ಪ, ಚಿಕ್ಕಪ್ಪ, ಅತ್ತೆಯವರು ಕೂತು ಮಾತಾಡಿದಾರಾ?

ಯುವಕ: ಆ ಮಾತು ಎತ್ತಿದರೆ ಮನೇಲಿ ಜಗಳವಾಗುತ್ತೆ ಅಂತ ಯಾರೂ ಎತ್ತೋದಿಲ್ಲ.

ಸೇವಕ: ನಾನು ಎತ್ತಲೇನಪ್ಪಾ? ನಿಮ್ಮ ತಾತ ನನಗೆ ಬೇಕಾದವರಾಗಿದ್ದರು. ನೀನು ಹೋಗೋದಾದರೆ ಹೋಗು. ಆದರೆ ದಾರಿ ಮುಚ್ಚಿದೆ ಅಂತ ಹೋಗಬೇಡ. ದಾರಿ ಇದೆಯೋ ಇಲ್ಲವೋ ನೋಡಿಕೊಂಡು ಹೋಗು.

ಇಲ್ಲಿ ಯುವಕನಿಗೆ ಬೇಕಾದ ಮಾಹಿತಿ ಚಿಕ್ಕದು. ಮೃತನ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ನಾಡ ಕಚೇರಿಯಲ್ಲಿ ವಿಚಾರಿಸಬೇಕು. ಇಷ್ಟನ್ನು ಫೋನು ಕೂಡ ಹೇಳುತ್ತದೆ. ಆದರೆ ಅಣ್ಣತಮ್ಮಂದಿರನ್ನು ಒಂದು ಜಗಲಿಯಲ್ಲಿ ಕೂರಿಸಿ, ಅತ್ತೆಯ ಪಾಲಿನ ಮಾತನ್ನು ಮರೆಮಾಚದೆ, ಜಗಳವಾಗದಂತೆ ಮಾತು ತೆಗೆಯುವುದನ್ನು ಫೋನು ಮಾಡಲಾರದು. ತಂದೆಯ ಆಸ್ತಿಯಲ್ಲಿ ಮಗಳಿಗೂ ಮಗನಿಗೂ ಸಮಾನ ಹಕ್ಕುಂಟೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಹೇಳುತ್ತದೆ. ಇದನ್ನು ಸೇವಕನು ತಿಳಿದಿರಬೇಕು. ತಿಳಿದೂ ಮೌನವಾಗಿದ್ದರೆ ಅವನು ಅರ್ಧ ಯುವಜನರ ಸೇವಕನು ಮಾತ್ರ.

7. ನಾಲ್ಕನೆಯ ಭಾಗ: ತನ್ನ ಎಲ್ಲೆಯನ್ನು ಅರಿಯುವುದು

ಅನುಭವಸ್ಥನಿಗೆ ಅತಿ ಕಷ್ಟವಾದ ಪಾಠವಿದು. ಎಲ್ಲವನ್ನೂ ತಾನೇ ಮಾಡುತ್ತಿದ್ದವನಿಗೆ, ಇದು ನನ್ನ ಕೆಲಸವಲ್ಲ, ಬಲ್ಲವರ ಬಳಿಗೆ ಕರೆದೊಯ್ಯುವುದೇ ನನ್ನ ಕೆಲಸ ಎಂದು ಒಪ್ಪುವುದು ಸುಲಭವಲ್ಲ. ಗಿಡದ ರೋಗಕ್ಕೆ ಕೃಷಿ ವಿಜ್ಞಾನ ಕೇಂದ್ರ, ತುರ್ತು ಸಂಶಯಕ್ಕೆ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರು, ಯೋಜನೆಗಳಿಗೆ ರೈತ ಸಂಪರ್ಕ ಕೇಂದ್ರ, ಹೀಗೆ ಯಾರನ್ನು ಎಲ್ಲಿಗೆ ಕಳುಹಿಸಬೇಕೆಂಬ ಪಟ್ಟಿಯನ್ನು ಬರೆದಿಟ್ಟುಕೊಂಡು, ವರ್ಷಕ್ಕೆರಡು ಸಲ ತಿದ್ದುತ್ತಿರಬೇಕು. ಕಳುಹಿಸಿದ ಮೇಲೆ, “ಹೋಗಿದ್ದೆಯಾ? ಏನು ಹೇಳಿದರು?” ಎಂದು ವಿಚಾರಿಸಬೇಕು. ವಿಚಾರಿಸದೆ ಬಿಟ್ಟರೆ ಕಳುಹಿಸಿದುದು ಕೈತೊಳೆದುಕೊಂಡಂತೆ.

ಎಲ್ಲಕ್ಕಿಂತ ಮುಖ್ಯವಾದುದು ಮನಸ್ಸಿನ ಸಂಕಟದ ವಿಷಯ. ಬೆಳೆ ಹೋಗಿ, ಸಾಲ ಬೆಳೆದು, ಮದುವೆಯ ಮಾತು ಮುರಿದು, ಯುವಕನೊಬ್ಬನು ಗೆಳೆಯರನ್ನು ಬಿಟ್ಟು ಒಬ್ಬನೇ ಇರತೊಡಗಿದರೆ, ನಿದ್ರೆ ಊಟ ಬಿಟ್ಟರೆ, “ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು” ಎಂಬಂತಹ ಮಾತನ್ನಾಡಿದರೆ, ಅದನ್ನು ಹುಡುಗಾಟವೆಂದು ತಿಳಿಯಕೂಡದು. ಉಪದೇಶವನ್ನೂ ಗದರಿಕೆಯನ್ನೂ ಬಿಟ್ಟು, ಹತ್ತಿರ ಕುಳಿತು ಪೂರ್ತಿಯಾಗಿ ಕೇಳಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುವುದರಿಂದ ಕೆಡುಕಾಗುವುದಿಲ್ಲ. ಅವನನ್ನು ಒಬ್ಬನನ್ನೇ ಬಿಡಬಾರದು. ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಬೀಗದಲ್ಲಿಡಿಸಬೇಕು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ. ಸೇವಕನು ವೈದ್ಯನಲ್ಲ, ಆದರೆ ಮೊದಲು ಗಮನಿಸುವವನು ಅವನೇ ಆಗಿರಬಹುದು. ಇಪ್ಪತ್ತು ವರ್ಷದ ಜನಪರಿಚಯವು ಒಂದು ಜೀವವನ್ನು ಉಳಿಸುವುದು ಇಂತಹ ಗಳಿಗೆಯಲ್ಲಿ.

8. ವ್ಯಾಸಂಗ ಗೋಷ್ಠಿ

ಒಬ್ಬನೇ ಕುಳಿತು ತನ್ನ ಅನುಭವವನ್ನು ಪರೀಕ್ಷಿಸುವುದು ಕಷ್ಟ. ಹೋಬಳಿಯ ಆರೇಳು ಮಂದಿ ಸೇವಕರು ತಿಂಗಳಿಗೊಮ್ಮೆ ಒಂದು ಕಡೆ ಸೇರಲಿ. ಪ್ರತಿ ಸಲವೂ ಒಬ್ಬರು ತಮ್ಮ ಕೆಲಸದಲ್ಲಿ ಎದುರಾದ ಒಂದೇ ಒಂದು ತೊಡಕನ್ನು ಮುಂದಿಡಲಿ. ಮೊದಲು ನಡೆದ ಸಂಗತಿಯನ್ನಷ್ಟೇ ಹೇಳಬೇಕು. ಆಮೇಲೆ ಉಳಿದವರು ಪ್ರಶ್ನೆಗಳನ್ನು ಮಾತ್ರ ಕೇಳಬೇಕು, ಸಲಹೆ ಕೊಡಕೂಡದು. ಈ ನಿಯಮವು ಚಿಕ್ಕದಾಗಿ ಕಂಡರೂ ಪಾಲಿಸುವುದು ಬಹು ಕಷ್ಟ. ಸಲಹೆ ಕೊಡುವುದೇ ನಮ್ಮ ವೃತ್ತಿಯಾಗಿಬಿಟ್ಟಿದೆಯಲ್ಲವೆ? ಪ್ರಶ್ನೆಗಳು ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಸಲಹೆ ಕೊಡಲಿ. ತೊಡಕು ತಂದವರು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ನಡೆಸಿ, ಮುಂದಿನ ತಿಂಗಳು ಫಲವನ್ನು ಹೇಳಲಿ. ಫಲಿಸಿದುದನ್ನೂ ಫಲಿಸದುದನ್ನೂ ಬರೆದಿಡಬೇಕು. ಫಲಿಸದ ಪುಟಗಳೇ ಹೆಚ್ಚು ಬೆಲೆಯುಳ್ಳವು.

ಕ್ರಮವಾದ ಶಿಕ್ಷಣವನ್ನು ಬಯಸುವವರಿಗೂ ಮಾರ್ಗಗಳಿವೆ. ಹೈದರಾಬಾದಿನಲ್ಲಿ 1987ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ, ಎಂದರೆ ‘ಮ್ಯಾನೇಜ್’, ಕೆಲಸದಲ್ಲಿರುವ ವಿಸ್ತರಣಾ ಅಧಿಕಾರಿಗಳಿಗಾಗಿ 2007ರಲ್ಲಿ ದೂರಶಿಕ್ಷಣದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನು ಆರಂಭಿಸಿತು. ಅದೇ ಸಂಸ್ಥೆಯು 2003ರಿಂದ ಬೀಜ, ಗೊಬ್ಬರ, ಔಷಧದ ವ್ಯಾಪಾರಿಗಳಿಗಾಗಿ ವಾರಕ್ಕೊಂದು ದಿನ ತರಗತಿ ನಡೆಯುವ ಡಿಪ್ಲೊಮಾವನ್ನು ನಡೆಸುತ್ತಾ ಬಂದಿದೆ. ಅಂಗಡಿಯನ್ನು ನಡೆಸುತ್ತಲೇ ನಡುವಯಸ್ಸಿನವರು ಪುಸ್ತಕ ಹಿಡಿಯಬಲ್ಲರೆಂಬುದಕ್ಕೆ ಇದು ಸಾಕ್ಷಿ. ಕೃಷಿ ವಿಶ್ವವಿದ್ಯಾನಿಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ನಡೆಸುವ ತರಬೇತಿಗಳನ್ನು ವಿಚಾರಿಸಿಕೊಳ್ಳಬಹುದು. ಆದರೆ ಪ್ರಮಾಣಪತ್ರವೇ ಗುರಿಯಾಗಬಾರದು. ತರಬೇತಿಗೆ ಹೋಗುವ ಮೊದಲು, ತನ್ನ ಲೆಕ್ಕದ ಪುಸ್ತಕದಿಂದ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋದವನು ಏನನ್ನಾದರೂ ತರುತ್ತಾನೆ.

9. ಆಕ್ಷೇಪಣೆಗಳಿಗೆ ಸಮಾಧಾನ

“ಈ ವಯಸ್ಸಿನಲ್ಲಿ ಫೋನಿನ ವಿದ್ಯೆ ನಮಗೆ ಬಾರದು” ಎಂಬುದು ಒಂದು ಆಕ್ಷೇಪಣೆ. ಬರುವ ಅಗತ್ಯವೂ ಇಲ್ಲ. ಸಂಘದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಗುರುವೆಂದು ಒಪ್ಪಿಕೊಂಡರೆ ಸಾಕು. ಕಲಿಸುವವನು ಕಲಿಯಲು ಕುಳಿತುದನ್ನು ಕಂಡಾಗ ಕಿರಿಯರಿಗೆ ಅವನ ಮೇಲಿನ ವಿಶ್ವಾಸವು ಹೆಚ್ಚುತ್ತದೆ. “ಯುವಕರೆಲ್ಲಾ ಊರು ಬಿಡುತ್ತಿರುವಾಗ ಸಂಘವೇಕೆ?” ಎಂಬುದು ಇನ್ನೊಂದು. ಊರು ಬಿಡುವವರನ್ನು ತಡೆಯುವುದು ನಮ್ಮ ಕೆಲಸವಲ್ಲ. ಉಳಿಯಬೇಕೆನ್ನುವವನಿಗೆ ಉಳಿಯುವ ದಾರಿಯೂ, ಹೋಗಿಬಂದವನಿಗೆ ಮರಳುವ ಬಾಗಿಲೂ ತೆರೆದಿರುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. “ಇಷ್ಟೆಲ್ಲಾ ಮಾಡಲು ನಮಗೆ ಹೇಳಿದವರಾರು?” ಎಂಬ ಮೂರನೆಯ ಆಕ್ಷೇಪಣೆಗೆ ಉತ್ತರವಿಲ್ಲ, ಆದರೆ ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ಹುಡುಗರನ್ನು ಕೂಡಿಸಿದಾಗಲೂ ಅನೇಕರಿಗೆ ಯಾರೂ ಹೇಳಿರಲಿಲ್ಲ.

10. ಮುಕ್ತಾಯ

ಬೀಜವನ್ನು ವರ್ಷವರ್ಷವೂ ಆರಿಸದೆ ಹಾಕಿದರೆ ತಳಿ ಕೆಡುತ್ತದೆಂಬುದು ಪ್ರತಿಯೊಬ್ಬ ಬೇಸಾಯಗಾರನಿಗೂ ಗೊತ್ತು. ಜೊಳ್ಳನ್ನು ತೂರಿ, ಗಟ್ಟಿಯನ್ನು ಉಳಿಸಿಕೊಂಡು, ಬೇಕಾದಲ್ಲಿ ಹೊಸ ತಳಿಯನ್ನು ತರುವವನ ಹೊಲ ಹಸನಾಗಿರುತ್ತದೆ. ಅನುಭವವೂ ಅಂತಹ ಬೀಜವೇ. ವಾಚಕ ಮಹಾಶಯರು ಈ ಮುಂಗಾರಿಗೆ ಮೊದಲೇ ಒಂದು ಗ್ರಾಮವನ್ನು ಆರಿಸಿಕೊಂಡು, ಲೆಕ್ಕದ ಪುಸ್ತಕದ ಮೊದಲ ಪುಟವನ್ನು ಬರೆಯುವರೆಂದು ನಂಬುತ್ತೇವೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಕೈಯಿಂದ ತಪ್ಪಿಹೋದ ಮೂರು ಕೆಲಸಗಳು ಯಾವುವು? ಅವುಗಳ ಸ್ಥಾನದಲ್ಲಿ ಹುಟ್ಟಿದ ಕೆಲಸಗಳು ಯಾವುವು?

2. ಅನುಭವದ ಮೂರು ಭಾಗಗಳನ್ನು ಹೇಳಿ, ಪ್ರತಿಯೊಂದಕ್ಕೂ ನಿಮ್ಮ ಕೆಲಸದಿಂದ ಒಂದು ಉದಾಹರಣೆ ಕೊಡಿ.

3. ನೀವು ಈಗಲೂ ಹೇಳುತ್ತಿರುವ ಯಾವ ಸಲಹೆಯನ್ನು ಐದು ವರ್ಷದಿಂದ ಪರೀಕ್ಷಿಸಿ ನೋಡಿಲ್ಲ?

4. 100 ಗಿಡಗಳಲ್ಲಿ 4 ಗಿಡಗಳಿಗೆ ಹುಳು ತಗಲಿರುವ ಎಳೆಯ ಮೆಕ್ಕೆಜೋಳದ ಹೊಲದ ಯುವಕನಿಗೆ ಏನು ಹೇಳುವಿರಿ? ಏಕೆ?

5. ನಿಮ್ಮ ಗ್ರಾಮದಲ್ಲಿ ದುಡಿಯುವ ಯುವಕ ಯುವತಿಯರಲ್ಲಿ ಎಷ್ಟು ಮಂದಿಯ ಜಮೀನು ಕಾಲವಾದವರ ಹೆಸರಿನಲ್ಲಿದೆ?

6. ‘ಯಾರನ್ನೂ ಕೇಳುವುದಿಲ್ಲ’ ಎಂದ ಒಬ್ಬರನ್ನು ಈ ತಿಂಗಳು ಕಂಡು ಮಾತನಾಡಿ. ನೀವು ಎಷ್ಟು ಹೊತ್ತು ಕೇಳಿದಿರಿ, ಎಷ್ಟು ಹೊತ್ತು ಹೇಳಿದಿರಿ ಎಂಬುದನ್ನು ಬರೆಯಿರಿ.